ದೊಡ್ಡಮ್ಮ ಮುಟ್ಟದ ನೇತ್ರಾವತಿ

ಆ ದಿನ ಮಳೆ ಬಂದಿತ್ತೋ ಇಲ್ಲವೋ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಬಿಸಿಲು ಉರಿಯುತ್ತಿದೆ, ಹೊಳೆಯ ಮರಳು ಕಾದ ಬಾಣಲೆಯ ಹಾಗಿದೆ. ತಂಗಿ ಹೇಳುವ ಪ್ರಕಾರ ಆಗಲೇ ಒಂದು ಮಳೆ ಬಿದ್ದಿತ್ತು, ಅಂಗಡಿಯ ಮುಂದೆ ಕೆಸರಾಗಿತ್ತು. ಇಬ್ಬರೂ ಅಲ್ಲೇ ನಿಂತಿದ್ದವರು. ಇನ್ನು ಆಡಿದ ಮಾತುಗಳ ವಿಷಯ ಬಂದರೆ ನನ್ನ ಮೇಲೆ ನನಗೇ ಅನುಮಾನ. ಅಲ್ಲಿ ನಡೆದದ್ದೆಲ್ಲ ತುಳುವಿನಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ, ನಡುವೆ ಅಷ್ಟೂ ವರ್ಷಗಳ ಸಿಟ್ಟು ಕೂತಿದೆ. ಸಿಟ್ಟು ಬಂದವನ ಸಾಕ್ಷ್ಯವನ್ನು ನಂಬಬೇಡಿ ಎಂದು ಇತಿಹಾಸದ ತರಗತಿಯಲ್ಲಿ ಹುಡುಗರಿಗೆ ಹೇಳಿದವನು ನಾನು. ಹಾಗಿದ್ದರೂ ಬರೆಯುತ್ತೇನೆ. ಯಾಕೆಂದರೆ ಚಿಕ್ಕಪ್ಪ ತೀರಿಕೊಂಡ ಮೇಲೆ ಉತ್ತರಕ್ರಿಯೆಯ, ಅಂದರೆ ಬೊಜ್ಜದ ದಿನ ಬಂಧುಗಳೆಲ್ಲ ಊಟಕ್ಕೆ ಕೂತಲ್ಲಿ ಹಿರಿಯರೊಬ್ಬರು, "ಆಣೆಗೆ ಹೆದರಿ ಬದುಕಿದ ಮನುಷ್ಯ, ಈಗ ಅಂಥವರು ಎಲ್ಲಿದ್ದಾರೆ?" ಎಂದರು. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ನಮ್ಮ ಮನೆ ಸಿದ್ಧಕಟ್ಟೆಯ ಕಡೆ. ಅವರನ್ನು ಮದುವೆ ಮಾಡಿ ಕೊಟ್ಟದ್ದು ಬೆಳ್ತಂಗಡಿ ತಾಲೂಕಿನ ಕ್ಷೇತ್ರದ ಊರಿಗೆ. ಕ್ಷೇತ್ರಕ್ಕೆ ಬರುವ ಯಾತ್ರಿಕರು ಮೊದಲು ನೇತ್ರಾವತಿಯಲ್ಲಿ ಮುಳುಗಿ, ಒದ್ದೆ ಬಟ್ಟೆ ಬದಲಾಯಿಸಿ, ಆಮೇಲೆ ದೇವರ ದರ್ಶನಕ್ಕೆ ನಡೆಯಬೇಕು. ಅವರು ಸ್ನಾನಕ್ಕಿಳಿಯುವ ಕಡವಿನ ಬಾಯಲ್ಲೇ ದೊಡ್ಡಪ್ಪನದೊಂದು ಮುಳಿಹುಲ್ಲಿನ ಅಂಗಡಿ ಇತ್ತು. ಹಣ್ಣುಕಾಯಿ, ಕರ್ಪೂರ, ಊದುಬತ್ತಿ, ಬೆಲ್ಲ ಹಾಕಿದ ಕಾಫಿ. ಅಂಗಡಿಯ ಹಿಂದಿನ ಬಾಗಿಲಿನಿಂದ ನೇರ ಹೊಳೆಗೆ ಕಲ್ಲಿನ ಮೆಟ್ಟಿಲು. ಅಂಗಡಿಯ ಚಪ್ಪರಕ್ಕೆ ಕಂಬ ನೆಟ್ಟದ್ದು ದೊಡ್ಡಪ್ಪ, ನೆಲಕ್ಕೆ ಸೆಗಣಿ ಸಾರಿಸಿ ಒಲೆ ಹೂಡಿದ್ದು ದೊಡ್ಡಮ್ಮ. ದೊಡ್ಡಪ್ಪನ ತಮ್ಮ, ಅಂದರೆ ನಾವು ಚಿಕ್ಕಪ್ಪ ಎನ್ನುತ್ತಿದ್ದವರು, ಆಗ ಬರೀ ಕಾಯಿ ಸುಲಿದು ಕೊಡುತ್ತಿದ್ದರು. ಇದು ನನ್ನ ಕಲ್ಪನೆಯಲ್ಲ. ಚಿಕ್ಕಪ್ಪನೇ ಒಳ್ಳೆಯ ಗಳಿಗೆಯಲ್ಲಿ ಹೇಳಿಕೊಳ್ಳುತ್ತಿದ್ದ ಮಾತು.

ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ದೊಡ್ಡಪ್ಪ ತೀರಿಕೊಂಡರು. ಮಕ್ಕಳಿರಲಿಲ್ಲ. ಅಂಗಡಿ ಚಿಕ್ಕಪ್ಪನ ಕೈಗೆ ಹೋಯಿತು. ವರ್ಷದ ಕ್ರಿಯೆ ಮುಗಿದ ಮೇಲೆ ದೊಡ್ಡಮ್ಮ ಕೇಳಿದ್ದು ಇಷ್ಟೇ: "ನಾನೂ ಬಂದು ಒಲೆಯ ಹತ್ತಿರ ಕೂತುಕೊಳ್ತೇನೆ. ಮನೆಯಲ್ಲಿ ಒಬ್ಬಳೇ ಕೂತು ಎಂತ ಮಾಡುವುದು?" ಚಿಕ್ಕಪ್ಪನಿಗೆ ಆ ಮಾತಿನ ಹಿಂದೆ ಪಾಲಿನ ವಾಸನೆ ಬಡಿಯಿತು. ನಾಲ್ಕು ಜನರ ಎದುರು, ಹೊಳೆಯ ಕಡೆ ಕೈ ಚಾಚಿ, ಆಣೆ ಇಟ್ಟರು. ಅತ್ತಿಗೆ ಈ ಅಂಗಡಿಗೆ ಕಾಲಿಟ್ಟರೆ, ಈ ಕಡವಿಗೆ ಇಳಿದರೆ, ಈ ನೀರು ಮುಟ್ಟಿದರೆ ಕ್ಷೇತ್ರದ ಸ್ವಾಮಿಯ ಆಣೆ ಎಂದು.

ಘಟ್ಟದ ಮೇಲಿನವರಿಗೆ ಇದರ ಭಾರ ತಿಳಿಯಲಿಕ್ಕಿಲ್ಲ. ನಮ್ಮ ಸೀಮೆಯಲ್ಲಿ ಆಣೆ ಎಂದರೆ ತಡೆಯಾಜ್ಞೆ. ಅದಕ್ಕೆ ಕೋರ್ಟಿನ ಅಮೀನ ಬೇಡ, ವಕೀಲ ಬೇಡ. ಇಟ್ಟವನ ಬಾಯಿ ಇದ್ದರಾಯಿತು, ಇಡಿಸಿಕೊಂಡವರ ಹೆದರಿಕೆ ಇದ್ದರಾಯಿತು. ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ಕ್ಷೇತ್ರಕ್ಕೆ ಹೋಗಿ, ಹಿರಿಯರ ಮುಂದೆ ಮಾತು ಮುಗಿಸಿ, ದೇವರಿಗೆ ಕೈಮುಗಿದು ಬರಬೇಕು. ಆಣೆ ಇಟ್ಟವನು ತಾನಾಗಿ ಹಿಂದಕ್ಕೆ ತೆಗೆಯುವುದೂ ಉಂಟು. ಆಗ ಅವನು ತಪ್ಪುಕಾಣಿಕೆ ಹಾಕಿ, ಅಲ್ಲಿನ ಪ್ರಸಾದವನ್ನು ತಂದು ಎದುರಿನವರಿಗೆ ಮುಟ್ಟಿಸಬೇಕು. ಪ್ರಸಾದ ಮುಟ್ಟಿತು ಎಂದರೆ ಆಣೆ ಬಿಟ್ಟಿತು ಎಂದು ಅರ್ಥ.

ಪದ್ಧತಿಯನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಮಂಗಳೂರಿನ ಕೋರ್ಟಿಗೆ ಅಲೆದು ಹಾಳಾಗುವ ಬದಲು ಎಷ್ಟೋ ಬಡವರು ಹೀಗೆ ಜಗಳ ತೀರಿಸಿಕೊಂಡಿದ್ದಾರೆ. ಚೌಟರು, ಬಂಗರು, ಅಜಿಲರು ಆಳುತ್ತಿದ್ದಾಗಲೂ ಕತ್ತಿಗಿಂತ ಶಾಪ ಅಗ್ಗವಾಗಿತ್ತು. ಹೈಸ್ಕೂಲಿಗೆ ನಾನು ಮೂಡುಬಿದಿರೆಯಲ್ಲಿದ್ದೆ. ಬಸದಿಗಳ ಜಗಲಿಯಲ್ಲಿ ಕೂತು ಓದುತ್ತಿದ್ದೆವು. ಮೇಷ್ಟ್ರೊಬ್ಬರು ಅಲ್ಲಿನ ಶಾಸನಗಳನ್ನು ಓದಿ ತೋರಿಸುತ್ತಿದ್ದರು. ದಾನ ಕೊಟ್ಟ ಗದ್ದೆಯ ಮೇರೆ ಹೇಳಿ ಮುಗಿಸಿದ ಕೂಡಲೇ ಬೆದರಿಕೆ ಶುರು: ಇದನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ. ನಮಗೆ ಆಗ ನಗು. ಮುಂದೆ ಮದ್ರಾಸಿನಲ್ಲಿ ಎಂ.ಎ. ಓದುವಾಗ ಇದರ ಬಗ್ಗೆ ದೊಡ್ಡದೊಂದು ಪ್ರಬಂಧವನ್ನೂ ಬರೆದೆ. ಕೆಡಿಸಿದವನಿಗೆ ಶಾಪ ಉಂಟು, ಶಾಪವನ್ನೇ ಕೆಟ್ಟದ್ದಕ್ಕೆ ಬಳಸಿದವನಿಗೆ ಯಾವ ಕಲ್ಲಿನಲ್ಲಿ ಏನು ಬರೆದಿದೆ ಎಂಬ ಪ್ರಶ್ನೆ ಮಾತ್ರ ಆ ಪ್ರಬಂಧದಲ್ಲಿ ಇರಲಿಲ್ಲ. ಅದನ್ನು ನನಗೆ ಕಲಿಸಿದ್ದು ಚಿಕ್ಕಪ್ಪ.

ದೊಡ್ಡಮ್ಮನ ಮನೆ ಅಂಗಡಿಯಿಂದ ಕೂಗಳತೆಯ ದೂರದಲ್ಲಿ, ದಿಬ್ಬದ ಮೇಲೆ. ಜಗಲಿಯಲ್ಲಿ ಕೂತರೆ ಹೊಳೆಯೇ ಕಣ್ಣಿಗೆ ಬೀಳುವುದು. ಮೈಸೂರಿನಿಂದ, ಹಾಸನದಿಂದ, ಇನ್ನೆಲ್ಲಿಂದಲೋ ಚಾರ್ಮಾಡಿ ಇಳಿದು, ಕಕ್ಕಿಂಜೆ ದಾಟಿ, ವಾಂತಿ ಮಾಡಿ ಸುಸ್ತಾಗಿ ಬಂದ ಜನ ಆ ನೀರಿನಲ್ಲಿ ಮುಳುಗಿ ಎದ್ದು, ಮೇಲೆ ಬಂದು ಇವರ ಜಗಲಿಯಲ್ಲಿ ಸೀರೆ ಹರವುತ್ತಿದ್ದರು. "ಎಷ್ಟು ಜನ್ಮದ ಪುಣ್ಯವೋ ನಿಮ್ಮದು, ದಿನಾ ನೇತ್ರಾವತಿ ಸ್ನಾನ!" ಎನ್ನುತ್ತಿದ್ದರು. ದೊಡ್ಡಮ್ಮ, "ಹೌದು, ಹೌದು" ಎಂದು ಅವರಿಗೆ ಕುಡಿಯಲು ಬಾವಿಯ ನೀರು ಕೊಡುತ್ತಿದ್ದರು.

ದಿನಾ ಸ್ನಾನ ಇರಲಿ, ಊರಿಗೆ ಊರೇ ಹೊಳೆಗಿಳಿಯುವ ಆಟಿ ಅಮಾವಾಸ್ಯೆಯ ದಿನವೂ ಇಲ್ಲ. ದೊಡ್ಡಪ್ಪನ ಬೂದಿ ಬಿಟ್ಟದ್ದು ಅದೇ ಕಡವಿನಲ್ಲಿ. ಅಲ್ಲಿಗೆ ಹೋಗಿ ಒಂದು ಬೊಗಸೆ ನೀರು ಬಿಡಬೇಕು ಎಂಬುದೊಂದೇ ಅವರಿಗಿದ್ದ ಆಸೆ. ಅಂಗಡಿಯ ಪಾಲಿನ ಮಾತನ್ನು ಅವರು ಆಮೇಲೆ ಎತ್ತಿದ್ದನ್ನು ನಾನು ಕೇಳಿಲ್ಲ. "ನಾನು ಸಾಯುವುದರೊಳಗೆ ಒಮ್ಮೆ ಮುಳುಗಬೇಕಿತ್ತು ಮಗಾ" ಎನ್ನುತ್ತಿದ್ದರು, ಬೇರೆ ಯಾರೋ ಕಾಶಿಗೆ ಹೋಗಬೇಕಿತ್ತು ಎನ್ನುವ ಹಾಗೆ. ಕಾಶಿ ಜಗಲಿಯಿಂದ ಕಾಣಿಸುತ್ತಿತ್ತು!

ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಬಂತು. ಕಛೇರಿಯ ಬೋರ್ಡುಗಳು ಬದಲಾದವು. ದೊಡ್ಡಮ್ಮನ ಮೇಲಿನ ಆಣೆ ಹಾಗೆಯೇ ಕೂತಿತ್ತು. "ಯಾವಾಗ ಹೋಗಿ ಬಿಡಿಸುವ?" ಎಂದು ಅಮ್ಮ ಹೇಳಿಕಳುಹಿಸಿದಾಗೆಲ್ಲ ಚಿಕ್ಕಪ್ಪನದು ಒಂದೇ ಉತ್ತರ: "ಹೋಗುವ, ಹೋಗುವ, ಎಂತ ಅರ್ಜೆಂಟು?" ಬಂಟ್ವಾಳದಲ್ಲಿ ಒಂದು ಮದುವೆಗೆ ಹೋದಾಗ ದೊಡ್ಡಮ್ಮ ಬಸ್ಸಿನಲ್ಲಿ ಸೇತುವೆ ದಾಟುವಷ್ಟು ಹೊತ್ತು ಕಾಲು ಮೇಲಕ್ಕೆ ಎತ್ತಿ ಕೂತಿದ್ದರು. ಕೆಳಗೆ ಹರಿಯುವುದು ಅದೇ ನೇತ್ರಾವತಿ. ಮದುವೆಮನೆಯ ಹೆಂಗಸರು ಅದನ್ನು ಹೇಳಿಕೊಂಡು ನಕ್ಕರು. ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಎಂಥ ಸಿಟ್ಟು ಬಂತೆಂದರೆ ಊಟ ಬಿಟ್ಟು ಎದ್ದೆ.

ನಾನು ಎಂ.ಎ. ಮುಗಿಸಿ ಬಂದ ವರ್ಷ ಬೇಸಿಗೆಯಲ್ಲಿ ದೊಡ್ಡಮ್ಮನ ಬಾವಿ ಆರಿತು. ಅದಕ್ಕೂ ಹಿಂದೆ ಆರಿತ್ತೇ ಎಂದು ಯಾರೂ ನನಗೆ ಸರಿಯಾಗಿ ಹೇಳಿಲ್ಲ. ನಾನೂ ತಂಗಿಯೂ ಅಲ್ಲಿಗೆ ಹೋದಾಗ ಅವರು ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು ಗುಡ್ಡ ಹತ್ತುತ್ತಿದ್ದರು. ಗುಡ್ಡದಾಚೆ ಒಂದು ಒರತೆ ಉಂಟು, ಅಲ್ಲಿಂದ ನೀರು. ಹೊಳೆಗೆ ಬೆನ್ನು ಹಾಕಿ ನೀರಿಗೆ ಹೋಗುತ್ತಿದ್ದ ಆ ಹೆಂಗಸನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಇದರಲ್ಲಿ ನನಗೆ ಸಂಶಯವಿಲ್ಲ.

ನಾನು ಕೊಡ ಕಸಿದುಕೊಂಡು ನೇರ ಕಡವಿಗೆ ಹೋಗಿ ತುಂಬಿಸಿ ತಂದು ಅಂಗಳದಲ್ಲಿಟ್ಟೆ.

ದೊಡ್ಡಮ್ಮ ಹತ್ತಿರ ಬರಲಿಲ್ಲ. "ಅದನ್ನು ನೀನೇ ಎತ್ತಿ ಆ ತೆಂಗಿನ ಬುಡಕ್ಕೆ ಹಾಕು" ಎಂದರು.

"ದೊಡ್ಡಮ್ಮಾ, ಅವರು ಆಣೆ ಇಟ್ಟ ನೀರು ಇದಲ್ಲ. ಆ ನೀರು ಆವತ್ತೇ ಉಪ್ಪಿನಂಗಡಿ ದಾಟಿ, ಬಂಟ್ವಾಳ ದಾಟಿ, ಮಂಗಳೂರಿನಲ್ಲಿ ಸಮುದ್ರಕ್ಕೆ ಸೇರಿ ಆಯ್ತು. ಇದು ನಿನ್ನೆ ಘಟ್ಟದಿಂದ ಇಳಿದ ನೀರು."

"ನೀರು ಹೋಗ್ತದೆ. ಹೊಳೆ ಇಲ್ಲೇ ಉಂಟಲ್ಲ?"

"ಮುಟ್ಟಿದರೆ ಎಂತ ಆಗ್ತದೆ? ನಾನು ಮುಟ್ಟಿದೆ, ನೋಡಿ."

"ನಿನ್ನ ಮೇಲೆ ಯಾರು ಆಣೆ ಇಟ್ಟದ್ದು ಮಾರಾಯ? ಭಾರೀ ಧೈರ್ಯ!" ಎಂದು ನಕ್ಕರು. ಆಮೇಲೆ ಸಣ್ಣ ಸ್ವರದಲ್ಲಿ, "ನನಗೆ ಎಂತ ಆದರೂ ಆಗಲಿ. ಅವನ ಮನೆಯಲ್ಲಿ ಸಣ್ಣ ಮಗು ಉಂಟು. ಆಣೆ ಮುರಿದರೆ ಅದು ಯಾರ ಮೇಲೆ ಬೀಳ್ತದೆ ಅಂತ ಯಾರಿಗೆ ಗೊತ್ತು?" ಎಂದರು.

ಇದನ್ನು ಸ್ವಲ್ಪ ವಿವರಿಸಬೇಕು. ಚಿಕ್ಕಪ್ಪನ ಮಗಳಿಗೆ ಒಂದೆರಡು ವರ್ಷದ ಹಿಂದೆ ಕೆಟ್ಟ ಜ್ವರ ಬಂದಿತ್ತು. ಬದುಕುವ ಆಸೆ ಇರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿ, ಬಾಯಿಗೆ ಗಂಜಿತಿಳಿ ಬಿಟ್ಟು ಅದರ ಬದಿಯಲ್ಲೇ ಕೂತವರು ದೊಡ್ಡಮ್ಮ. ಅಂಗಡಿಗೆ, ಕಡವಿಗೆ ಆಣೆ ಇತ್ತೇ ಹೊರತು ಮನೆಗೆ ಇರಲಿಲ್ಲವಲ್ಲ! ರೋಗಿಯ ಹತ್ತಿರ ಕೂರುವುದಕ್ಕೆ ಯಾರೂ ಯಾವತ್ತೂ ಆಣೆ ಇಡುವುದಿಲ್ಲ. ಮಗು ಉಳಿಯಿತು. ಆ ಮಗುವಿಗಾಗಿ ಈಕೆ ಗುಡ್ಡ ಹತ್ತುತ್ತಿದ್ದಾರೆ, ಅದರ ಅಪ್ಪ ಕೆಳಗೆ ಕೂತು ಯಾತ್ರಿಕರಿಗೆ ಕಾಯಿ ಮಾರುತ್ತಿದ್ದಾರೆ.

ನಾನು ಮೆಟ್ಟು ಸಹ ಹಾಕದೆ ಅಂಗಡಿಗೆ ಇಳಿದೆ. ಹಿಂದಿನಿಂದ ತಂಗಿ ಬಂದಳು. ಅವಳ ಹಿಂದೆ, "ಜಗಳ ಬೇಡ, ಜಗಳ ಬೇಡ" ಎನ್ನುತ್ತ ದೊಡ್ಡಮ್ಮ ಬಂದರು. ಅಂಗಡಿಯ ಮುಂದಿನ ರಸ್ತೆಯಲ್ಲಿ ನಿಂತರು, ಹೊಸ್ತಿಲಿನಿಂದ ದೂರ. ಅಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಅವರ ಕಾಲಿಗೆ ರೂಢಿಯಾಗಿತ್ತು.

ಚಿಕ್ಕಪ್ಪ ಗಿರಾಕಿಗೆ ಹೂ ಕಟ್ಟಿ ಕೊಡುತ್ತಿದ್ದರು. ನನ್ನನ್ನು ಕಂಡು, "ಓಹೋ, ಪಂಡಿತರು! ಬನ್ನಿ ಬನ್ನಿ. ಕಾಫಿ ಕುಡಿಯುವ?" ಎಂದರು.

"ಕಾಫಿ ಬೇಡ. ನಾಳೆ ಬೆಳಿಗ್ಗೆ ದೊಡ್ಡಮ್ಮನನ್ನು ಕರಕೊಂಡು ಕ್ಷೇತ್ರಕ್ಕೆ ಹೋಗುವ. ನೀವೂ ಬನ್ನಿ. ಆಣೆ ಬಿಡಿಸುವ."

"ನಿನಗೆ ದೇವರಲ್ಲಿ ನಂಬಿಕೆ ಇಲ್ಲ ಅಂತ ನಿನ್ನ ಅಮ್ಮ ಹೇಳ್ತಿದ್ದಳು. ಇಲ್ಲದ ದೇವರ ಆಣೆಯನ್ನು ಬಿಡಿಸಲಿಕ್ಕೆ ಕಾಣಿಕೆಯ ದುಡ್ಡು ಯಾಕೆ ದಂಡ?"

ಗಿರಾಕಿಗಳು ನಕ್ಕರು. ನಾನು ಸ್ವರ ಏರಿಸಿದೆ. "ನನಗಿಲ್ಲ. ದೊಡ್ಡಮ್ಮನಿಗೆ ಉಂಟು. ನಿಮಗೆ ಉಂಟೋ ಇಲ್ಲವೋ ಅದನ್ನು ನಾಳೆ ಅಲ್ಲಿ ಹಿರಿಯರ ಮುಂದೆ ಕೇಳುವ. ನೀವು ಬಾರದಿದ್ದರೂ ನಾವು ಹೋಗ್ತೇವೆ. ಹೆಂಗಸನ್ನು ಹೀಗೆ ಕಟ್ಟಿ ಹಾಕಿದ್ದಾರೆ, ಕರೆದರೆ ಬರುವುದಿಲ್ಲ ಅಂತ ಹೇಳ್ತೇವೆ."

ಚಿಕ್ಕಪ್ಪನ ಮುಖ ಬದಲಾದದ್ದು ಆಗ. ಅಥವಾ ಬದಲಾಯಿತು ಎಂದು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ. ಕೈಯಲ್ಲಿದ್ದ ಬಾಳೆನಾರನ್ನು ಬದಿಗಿಟ್ಟರು.

"ಅಲ್ಲಿಗೆ ಹೋಗಿ ಎಂತ ಬಿಡಿಸುವುದು? ಅದು ಬಿಟ್ಟು ಆಗಿದೆ."

"ಎಂತ?"

"ಮಗುವಿಗೆ ಜ್ವರ ಬಂದಿತ್ತಲ್ಲ, ಆಗ. ಜೋಯಿಸರು ಕವಡೆ ಇಟ್ಟು ನೋಡಿ, ಮನೆಯಲ್ಲಿ ಒಂದು ಆಣೆ ಉಳಿದಿದೆ, ಅದನ್ನು ತೆಗೆಯಿರಿ ಅಂದರು. ಮರುದಿನವೇ ಹೋಗಿ ತಪ್ಪುಕಾಣಿಕೆ ಹಾಕಿ ಬಂದಿದ್ದೇನೆ."

"ದೊಡ್ಡಮ್ಮನಿಗೆ ಹೇಳಲಿಲ್ಲ!"

"ಹೇಳಬೇಕು ಅಂತ ಎಲ್ಲಿ ಉಂಟು? ಪ್ರಸಾದ ಮುಟ್ಟಿಸಬೇಕು ಅಂತ ಉಂಟು. ಮುಟ್ಟಿಸಿದ್ದೇನೆ. ಪಂಚಕಜ್ಜಾಯ. ಅತ್ತಿಗೆ ತಿಂದಿದ್ದಾರೆ. ಬೇಕಾದರೆ ಕೇಳು."

ಆ ಕ್ಷಣದ ನನ್ನ ಸಿಟ್ಟನ್ನು ಬರೆಯಲು ಇವತ್ತೂ ನನ್ನಲ್ಲಿ ಶಬ್ದ ಇಲ್ಲ. ನಂಬಿಕೆಯಿಲ್ಲದವನು ಹೀಗೆ ಮಾಡಿದ್ದರೆ ಅರ್ಥವಾಗುತ್ತಿತ್ತು. ಈ ಮನುಷ್ಯ ನಂಬಿದವರು. ಮಗು ಸಾಯುತ್ತದೆ ಎಂದು ನಡುಗಿ, ಓಡಿಹೋಗಿ, ದೇವರ ಮುಂದೆ ಅಡ್ಡಬಿದ್ದು ತನ್ನ ಪಾಲಿನ ಭಯವನ್ನು ಕಳಚಿಟ್ಟು ಬಂದವರು. ದೇವರೊಡನೆ ವ್ಯವಹಾರ ಚೊಕ್ಕ. ಆದರೆ ಅದೇ ಹೊತ್ತಿಗೆ ಆ ಮಗುವಿನ ತಲೆಯ ಹತ್ತಿರ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದವಳ ಭಯವನ್ನು ಹಾಗೆಯೇ ಬಿಟ್ಟರು. ಯಾಕೆಂದರೆ ಅದು ಉಪಯೋಗಕ್ಕೆ ಬರುತ್ತಿತ್ತು. ಇಲ್ಲದ ಆಣೆಯ ಬೇಲಿ ಇದ್ದ ಆಣೆಯಷ್ಟೇ ಗಟ್ಟಿಯಾಗಿ ಅಂಗಡಿಯನ್ನು ಕಾಯುತ್ತಿತ್ತು. ದೇವರಿಗೆ ಹೆದರುವುದಕ್ಕೂ ಮನುಷ್ಯರಿಗೆ ನಾಚುವುದಕ್ಕೂ ಏನೂ ಸಂಬಂಧ ಇಲ್ಲವೆಂದು ನಾನು ಅಲ್ಲಿಯ ತನಕ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನಾನು ಏನೇನೋ ಕೂಗಿದೆ. ಇಂಗ್ಲಿಷಿನಲ್ಲೂ ಕೂಗಿದೆನಂತೆ, ತಂಗಿ ಇವತ್ತಿಗೂ ತಮಾಷೆ ಮಾಡುತ್ತಾಳೆ. ನಾನು ಕೂಗುತ್ತಿದ್ದ ಹಾಗೆಯೇ ದೊಡ್ಡಮ್ಮ ರಸ್ತೆಯಿಂದ ಎರಡು ಹೆಜ್ಜೆ ಮುಂದೆ ಬಂದರು. ಹೊಸ್ತಿಲ ಹತ್ತಿರ ನಿಂತು ಕೇಳಿದರು:

"ಆ ಪಂಚಕಜ್ಜಾಯವಾ? ನಿನ್ನ ಹೆಂಡತಿ ಬಾಳೆಲೆಯಲ್ಲಿ ಕಟ್ಟಿ ತಂದದ್ದಾ?"

"ಅದೇ, ಅತ್ತಿಗೆ."

"ಹಾಗಾದರೆ ಈಗ ಏನೂ ಇಲ್ಲವಾ?"

"ಏನೂ ಇಲ್ಲ."

ದೊಡ್ಡಮ್ಮ ಒಳಗೆ ಬಂದರು. ಕಾಯಿಯ ರಾಶಿಯ ಬದಿಯಿಂದ, ತಾವೇ ಹೂಡಿದ ಒಲೆಯ ಬದಿಯಿಂದ, ಚಿಕ್ಕಪ್ಪ ಕೂತಿದ್ದ ಮಣೆಯನ್ನು ಕಾಲಿನಲ್ಲಿ ಒಂದಿಷ್ಟು ಸರಿಸಿ, ಹಿಂದಿನ ಬಾಗಿಲಿಗೆ ಹೋದರು. ಮೆಟ್ಟಿಲಿಳಿದರು. ನಿಲ್ಲಲಿಲ್ಲ, ಸೀರೆ ಎತ್ತಿಕಟ್ಟಲಿಲ್ಲ. ನೀರು ಸೊಂಟಕ್ಕೆ ಬರುವಲ್ಲಿ ಒಮ್ಮೆ ಬೊಗಸೆ ತುಂಬಿ ಬಿಟ್ಟರು. ಅದು ದೊಡ್ಡಪ್ಪನಿಗೆ. ಆಮೇಲೆ ಮುಳುಗಿದರು. ಸುತ್ತ ಘಟ್ಟದ ಮೇಲಿನ ಜನ ಮಕ್ಕಳಿಗೆ ಮೂಗು ಹಿಡಿಸಿ ಮುಳುಗಿಸುತ್ತಿದ್ದರು. ಅವರಿಗೆ ಇದು ಇನ್ನೊಬ್ಬ ಮುದುಕಿಯ ಸ್ನಾನ.

ಮೇಲೆ ಬಂದದ್ದೂ ಅದೇ ದಾರಿಯಿಂದ. ಸೀರೆಯಿಂದ ಸುರಿಯುವ ನೀರು ಕರ್ಪೂರದ ಪೆಟ್ಟಿಗೆಯ ಮೇಲೆ, ಊದುಬತ್ತಿಯ ಕಟ್ಟುಗಳ ಮೇಲೆ ಬಿತ್ತು. ಚಿಕ್ಕಪ್ಪ, "ಅತ್ತಿಗೆ, ಸಾಮಾನು, ಸಾಮಾನು!" ಎಂದು ಎದ್ದರು. ಆಗ ದೊಡ್ಡಮ್ಮ ಹೇಳಿದರೆಂದು ನನ್ನ ನೆನಪು: "ಒದ್ದೆ ಆಗಬಾರದು ಅಂತ ಎಲ್ಲಿ ಉಂಟು?" ತಂಗಿಯ ಪ್ರಕಾರ ಅವರು ಒಂದಕ್ಷರವೂ ಮಾತಾಡಲಿಲ್ಲ, ಅದು ನಾನೇ ಬಸ್ಸಿನಲ್ಲಿ ಬರುವಾಗ ಕಟ್ಟಿದ ಮಾತು. ಇರಬಹುದು. ಅಷ್ಟು ಸರಿಯಾದ ಮಾತು ಅಷ್ಟು ಸರಿಯಾದ ಹೊತ್ತಿಗೆ ಬಂತೆಂದರೆ ಇತಿಹಾಸದವನು ಸಂಶಯ ಪಡಲೇಬೇಕು.

ಸಂಶಯ ಬೇಡವಾದದ್ದು ಮುಂದಿನ ಸಂಗತಿ. ಆವತ್ತಿನಿಂದ ಕೈಕಾಲು ಗಟ್ಟಿಯಿದ್ದಷ್ಟು ಕಾಲ ದೊಡ್ಡಮ್ಮ ದಿನಾ ಬೆಳಿಗ್ಗೆ ಅಂಗಡಿಯ ಒಳಗಿನಿಂದಲೇ ಹೊಳೆಗೆ ಹೋದರು, ಒದ್ದೆ ಸೀರೆಯಲ್ಲಿ ಒಳಗಿನಿಂದಲೇ ಬಂದರು. ಬದಿಯಲ್ಲಿ ಬೇರೆ ದಾರಿ ಇತ್ತು. ಚಿಕ್ಕಪ್ಪ ಸಾಮಾನನ್ನೆಲ್ಲ ಎತ್ತರದ ಹಲಗೆಗೆ ಏರಿಸಿದರು. ಹೊಸ ಆಣೆ ಇಡಲು ಅವರಿಗೆ ಧೈರ್ಯ ಬರಲಿಲ್ಲ. ಅಂಗಡಿಯಲ್ಲಿ ಪಾಲು ಮಾತ್ರ ಸಿಗಲಿಲ್ಲ. ದೊಡ್ಡಮ್ಮ ಕೇಳಲೂ ಇಲ್ಲ.

ನನ್ನ ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು. ಇಳಿಯದಿದ್ದದ್ದಕ್ಕೆ ಕಾರಣ ನಮ್ಮ ಬಂಧುಬಳಗ. ವರ್ಷ ಕಳೆದ ಹಾಗೆ ಕಥೆ ಸವೆಯುತ್ತ ಬಂತು. ಅವನು ಹೇಳಲು ಮರೆತ, ಪಾಪ, ಮಗುವಿನ ಜ್ವರದ ಗಡಿಬಿಡಿಯಲ್ಲಿ. ಪ್ರಸಾದ ಕಳುಹಿಸಿದ್ದನಲ್ಲ, ಅವಳೇ ತಿಳಿದುಕೊಳ್ಳಬೇಕಿತ್ತು. ಮತ್ತೆ ಸ್ವಲ್ಪ ಕಾಲಕ್ಕೆ, ಎಂಥ ದೈವಭಕ್ತ, ತಾನಾಗಿ ಹೋಗಿ ಆಣೆ ಬಿಡಿಸಿದ. ಬೊಜ್ಜದ ಊಟದ ಹೊತ್ತಿಗೆ ಅದು ಒಂದು ಸದ್ಗುಣವೇ ಆಗಿಹೋಗಿತ್ತು. ನಾನು ಬಾಯಿ ತೆರೆದರೆ, "ಮಂಡೆ ಬೆಚ್ಚ ಮಾಡಬೇಡ ಮಾರಾಯ, ಸತ್ತವರ ವಿಷಯ" ಎಂದರು. ಕೊನೆಗೆ ನನಗೇ ಅಳುಕು ಶುರುವಾಯಿತು. ಮಳೆ ಬಂದದ್ದೇ ನೆನಪಿಲ್ಲದವನು ಒಬ್ಬನ ಮನಸ್ಸಿನಲ್ಲಿ ಇದ್ದದ್ದನ್ನು ಹೇಗೆ ಬಲ್ಲೆ? ನಿಜಕ್ಕೂ ಮರೆತಿದ್ದರೆ?

ಬೊಜ್ಜ ಮುಗಿದ ಕೆಲವು ತಿಂಗಳ ಮೇಲೆ ಮೂಡುಬಿದಿರೆಗೆ ಹೋದೆ. ಚಿಕ್ಕಮ್ಮ, ಅಂದರೆ ಚಿಕ್ಕಪ್ಪನ ಹೆಂಡತಿ, ಅಲ್ಲಿ ಮಗಳ ಮನೆಯಲ್ಲಿದ್ದರು. ಜ್ವರದಿಂದ ಉಳಿದ ಅದೇ ಮಗಳು, ಈಗ ಟೀಚರು. ಅವಳೇ ಚಾ ತಂದುಕೊಟ್ಟಳು. ಚಿಕ್ಕಮ್ಮನಿಗೆ ಕಣ್ಣು ಮಂಜಾಗಿತ್ತು, ನೆನಪಿಗೆ ಏನೂ ಆಗಿರಲಿಲ್ಲ. ಬಳಸಿ ಕೇಳುವ ಜಾಣತನ ನನಗಿಲ್ಲ. ಆ ಪಂಚಕಜ್ಜಾಯವನ್ನು ದೊಡ್ಡಮ್ಮನಿಗೆ ಕೊಟ್ಟವರು ಯಾರು, ಕೊಡುವಾಗ ಏನು ಹೇಳಿದರು ಎಂದು ನೇರ ಕೇಳಿದೆ.

"ನಾನೇ ಕೊಟ್ಟದ್ದು" ಎಂದರು. "ಅಕ್ಕ ಮಗುವಿನ ಹತ್ತಿರ ಕೂತಿದ್ದರು. ಬಾಳೆಲೆ ಬಿಚ್ಚಿ ಅವರ ಕೈಗೆ ಹಾಕಿದೆ. ಎಲ್ಲಿಯದು ಅಂತ ಕೇಳಿದರು. ಯಾರೋ ಯಾತ್ರೆಯವರು ಕೊಟ್ಟದ್ದು ಅಂದೆ. ಹಾಗೆ ಹೇಳು, ಬೇರೆ ಎಂತದೂ ಹೇಳಬೇಡ ಅಂತ ಇವರು ಹೇಳಿಕೊಟ್ಟಿದ್ದರು."